ಸದ್ದಿಲ್ಲದ ಬಸ್ಸು, ದುಂಡಗಿನ ಅಕ್ಷರ

ಕೆಲವರಿಗೆ ಎಲೆ ಅಡಿಕೆಯ ಚಟ, ಕೆಲವರಿಗೆ ಇಸ್ಪೀಟಿನ ಚಟ. ನನಗೆ ಅರ್ಜಿ ಬರೆಯುವ ಚಟ. ಬೀದಿ ದೀಪ, ಗಟಾರು, ಶಾಲೆಯ ಹಂಚು, ಮಂಗಗಳ ಕಾಟ, ಯಾವುದನ್ನೂ ಬಿಟ್ಟವನಲ್ಲ. ಕೆರೂರಿನ ಶಾಲೆಯೊಂದರಲ್ಲಿ ಮಾಸ್ತರನಾದ ನನ್ನ ಅಕ್ಷರಗಳು ದುಂಡಗಿವೆ. ಹೀಗಾಗಿ ಊರವರೂ ಬರೆಸಿಕೊಂಡು ಹೋಗುತ್ತಾರೆ. ಈ ಚಟದಿಂದ ಯಾರಿಗೂ ಅಪಾಯವಿರಲಿಲ್ಲ, ಏಕೆಂದರೆ ಯಾವ ಅರ್ಜಿಯೂ ಮಂಜೂರಾಗುತ್ತಿರಲಿಲ್ಲ. ಆ ಭರವಸೆಯ ಮೇಲೆಯೇ ನಾನು ಧೈರ್ಯವಾಗಿ ಬರೆಯುತ್ತಿದ್ದೆ. ನಮ್ಮೂರ ಬಸ್ಸಿನ ಬಗ್ಗೆ ಬರೆದದ್ದು ಮಾತ್ರ ಮಂಜೂರಾಗಿಬಿಟ್ಟಿತು.

ಕುಳಗೇರಿ ಕ್ರಾಸಿನಿಂದ ಬಾಗಲಕೋಟೆಗೆ ಹೊರಡುವ ಹಳೆಯ ಡೀಸೆಲ್ ಬಸ್ಸು ಹೆದ್ದಾರಿ ಬಿಟ್ಟು ನಮ್ಮೂರನ್ನು ಹಾದು ಹೋಗುತ್ತಿತ್ತು. ಊರಾಚೆಯ ದಿನ್ನೆ ಏರುವಾಗ ಅದು ನರಳುವ ಸದ್ದಿಗೆ ನಮ್ಮ ಮನೆಯ ತಾಟುಗಳು ನಡುಗುತ್ತಿದ್ದವು, ಹೊಗೆಗೆ ನನ್ನ ಉಬ್ಬಸ ಏಳುತ್ತಿತ್ತು. ‘ಸದ್ದಿಲ್ಲದ, ಹೊಗೆಯಿಲ್ಲದ ಬಸ್ಸನ್ನು ದಯಪಾಲಿಸಬೇಕು’ ಎಂದು ಬರೆದೆ. ಕರೆಂಟಿನ ಬಸ್ಸು ಬಂತು. ಅದು ನನ್ನ ಅರ್ಜಿಯಿಂದಲೇ ಬಂತೆಂದು ನಂಬಿದವನು ಊರಿನಲ್ಲಿ ನಾನೊಬ್ಬನೇ. ಆದರೂ ಅದಕ್ಕೆ ತೆಂಗಿನಕಾಯಿ ಒಡೆದವನು ನಾನು, ಬಾಯಿ ತುಂಬ ಭಾಷಣ ಮಾಡಿದವನೂ ನಾನು. “ಬಸ್ಸಿಗೆ ಸಪ್ಪಳ ಇಲ್ಲಂತ ಹೇಳಾಕ ನೀವ ಎಷ್ಟ್ ಸಪ್ಪಳಾ ಮಾಡಿದ್ರಲ್ರಿ!” ಎಂದಳು ಹೆಂಡತಿ.

ನಮ್ಮೂರಿನಲ್ಲಿ ಬಸ್ಸಿಗೆ ಯಾರೂ ಕಾಯುತ್ತಿರಲಿಲ್ಲ, ಬಸ್ಸನ್ನು ಕೇಳಿಸಿಕೊಳ್ಳುತ್ತಿದ್ದರು. ದಿನ್ನೆಯ ಬುಡದಲ್ಲಿ ಗೇರು ಬದಲಾದ ಸದ್ದು ಬಂತೆಂದರೆ ಹಂಚಿನ ಮೇಲಿನ ರೊಟ್ಟಿ ಇಳಿಸಿ, ಸೆರಗು ಸರಿಮಾಡಿಕೊಂಡು, ಕದಕ್ಕೆ ಕೀಲಿ ಹಾಕಿ ರಸ್ತೆಗೆ ಬರುವಷ್ಟು ಪುರಸೊತ್ತು. ಅಜ್ಜಂದಿರ ಕಾಲದಿಂದ ತಪ್ಪದ ಲೆಕ್ಕವಿದು. ಹೊಸ ಬಸ್ಸು ಬೆಕ್ಕಿನ ಹಾಗೆ ಬಂದು ಬೆಕ್ಕಿನ ಹಾಗೆ ಹೋಯಿತು. ಮೊದಲ ವಾರ ಅರ್ಧ ಊರು ಅದರ ಬೆನ್ನನ್ನಷ್ಟೇ ನೋಡಿತು. ನಗು ಬರುವ ಸಂಗತಿಯೇ, ನಾನೂ ನಕ್ಕೆ. ಎದುರು ಮನೆಯ ಅಮೀನಕ್ಕನಿಗೆ ಬಸ್ಸು ತಪ್ಪಿದ ದಿನ ಆ ನಗು ನಿಂತಿತು.

ಅಮೀನಕ್ಕನ ಎರಡೂ ಕಿಡ್ನಿ ಕೆಟ್ಟಿದ್ದವು. ದಿನ ಬಿಟ್ಟು ದಿನ ಬಾಗಲಕೋಟೆಯ ದವಾಖಾನೆಗೆ ಹೋಗಿ ರಕ್ತ ತೊಳೆಸಿಕೊಂಡು ಬರಬೇಕು. ಗಾದಿ ಹೊಲಿಯುವ ಆಕೆಯ ಗಂಡ ಹಸನಸಾಬ ತೋಳು ಹಿಡಿದು ಕರೆದೊಯ್ಯುತ್ತಿದ್ದ. ಮೊದಲೇ ಹೋಗಿ ರಸ್ತೆಯಲ್ಲಿ ಕೂರೋಣವೆಂದರೆ ನೆರಳಿಲ್ಲ. ಚಾವಣಿ, ಕುರ್ಚಿ, ಚಾರ್ಜಿಂಗ್ ಕಂಬ ಎಲ್ಲವೂ ಕ್ರಾಸಿನಲ್ಲಿ. ಬಸ್ಸಿಗೊಂದು ವೇಳೆಯಿದೆ, ಆದರೆ ಅದು ಬಸ್ಸಿಗೆ ಗೊತ್ತಿಲ್ಲ. ಬಾಗಲಕೋಟೆಯ ಬಸ್ ಕಚೇರಿಗೆ ಹೋಗಿ ಸಾಹೇಬರಿಗೆ ಹೇಳಿದೆ. “ಮೊಬೈಲ್‌ನ್ಯಾಗ ಆ್ಯಪ್ ಐತಲ್ರಿ ಮಾಸ್ತರ, ಬಸ್ ಎಲ್ಲೈತಿ ಅಂತ ತೋರಸ್ತೈತಿ. ಇನ್ನೇನ್ ಬೇಕು?” ಎಂದರು. ಬೆಳಗಿನ ಹೊತ್ತು ನಮ್ಮ ಓಣಿಯಲ್ಲಿ ಉಳಿಯುವ ಅಂಥ ಫೋನು ನನ್ನದೊಂದೇ. ಉಳಿದವು ದುಡಿಯಲು ಹೋದವರ ಕಿಸೆಯಲ್ಲಿರುತ್ತವೆ.

ಹೀಗೆ, ಸದ್ದು ಬೇಡವೆಂದು ಬರೆದ ನಾನೇ ಊರಿನ ಸದ್ದಾದೆ. ಒಂದು ಕೆನ್ನೆಗೆ ಸೋಪಿನ ನೊರೆ ಹಚ್ಚಿಕೊಂಡು ಅಂಗಳದಲ್ಲಿ ನಿಂತು, “ದಿನ್ನಿಗೆ ಬಂತ್ರ್ಯೋ!” ಎಂದು ಒದರುತ್ತಿದ್ದೆ. “ಹಳೀ ಬಸ್ಸ ಛಲೋ ಇತ್ತ್ ನೋಡ್ರಿ. ಅದು ಒದರಿದ್ರೂ ಮುಂದಕ್ಕರ ಹೋಗತಿತ್ತು” ಎಂದು ಹೆಂಡತಿ ಒಳಗಿನಿಂದ ಚುಚ್ಚುತ್ತಿದ್ದಳು. ಅಮೀನಕ್ಕ ಮಾತ್ರ, “ನಿಮ್ಮ ದನಿ ಕೇಳಿದ್ರ ಜೀವಕ್ಕ ಸಮಾಧಾನ ಆಗತೈತ್ರಿ” ಎನ್ನುತ್ತಿದ್ದಳು. ನನಗೆ ಒಳಗೊಳಗೇ ಹೆಮ್ಮೆ.

ಒಂದು ದಿನ ಗಾಳಿಗೆ ಊರಿನ ಕರೆಂಟಿನ ತಂತಿ ಹರಿದು ಬಿತ್ತು. ಮರುದಿನ ಬೆಳಿಗ್ಗೆ ನನ್ನ ಫೋನು ಸತ್ತಿತ್ತು. ಕ್ರಾಸಿನ ಚಾರ್ಜಿಂಗ್ ಕಂಬಕ್ಕೆ ಬೇರೆಯೇ ಲೈನು. ಬಸ್ಸಿಗೆ ಕರೆಂಟಿತ್ತು, ನಮಗಿರಲಿಲ್ಲ. ನಾನು ಫೋನಿನ ಗುಂಡಿ ಒತ್ತುತ್ತ ಅಂಗಳದಲ್ಲಿದ್ದೆ. ಅಮೀನಕ್ಕ ಚಪ್ಪಲಿ ಮೆಟ್ಟಿಕೊಂಡು ನನ್ನ ದನಿಗೆ ಕಾಯುತ್ತ ಹೊಸ್ತಿಲ ಮೇಲೆ ಕುಳಿತಿದ್ದಳು. ರಸ್ತೆಗೆ ಹೋಗಿ ನೋಡಬಹುದೆಂದು ನನಗೆ ಹೊಳೆಯುವ ಹೊತ್ತಿಗೆ ಬಸ್ಸು ಹೋಗಿತ್ತು. ಮುಂದಿನ ಬಸ್ಸಿಗೆ ಹೋದರೆ ಅಲ್ಲಿ ಆಕೆಯ ಪಾಳಿ ಮುಗಿದಿತ್ತು, ಯಂತ್ರಗಳೆಲ್ಲ ಬೇರೆಯವರ ಪಾಲಿಗೆ ಹೋಗಿದ್ದವು. ನಾಳೆ ಬನ್ನಿ ಎಂದರಂತೆ. ಊರಿಗೆ ಮರಳಿದ ಸಂಜೆಯೇ ಉಸಿರು ಕಟ್ಟಿತು. ಜೀಪು ಹುಡುಕಿ ಹೊರಟೆವು. ಕೆರೂರು ದಾಟುವ ಮೊದಲೇ ಅಮೀನಕ್ಕ ತೀರಿಕೊಂಡಳು.

ಹಸನಸಾಬ ಬೈದಿದ್ದರೆ ನನ್ನ ಸಂಕಟ ಸ್ವಲ್ಪ ಇಳಿಯುತ್ತಿತ್ತು. ಹೊಗೆ ಹೋದದ್ದು ಒಳ್ಳೆಯದೇ, ಈಗಲೂ ಹಾಗೇ ಅನ್ನುತ್ತೇನೆ. ಬಸ್ಸು ಬದಲಿಸುವ ಮೊದಲು ಊರವರನ್ನು ಒಂದು ಮಾತು ಕೇಳಬೇಕಿತ್ತು ಎಂದು ಸಿಟ್ಟೂ ಬರುತ್ತದೆ. ಆದರೆ ಕೇಳಿದ್ದರೆ ಊರಿನ ಪರವಾಗಿ ಎದ್ದು ನಿಲ್ಲುತ್ತಿದ್ದವನು ನಾನೇ, ಸದ್ದು ಬೇಡವೆನ್ನುತ್ತಿದ್ದವನೂ ನಾನೇ.

ಮಣ್ಣಾದ ವಾರಕ್ಕೆ ಇನ್ನೊಂದು ಅರ್ಜಿ ಬರೆದೆ: ದಿನ್ನೆಯ ಬುಡದಲ್ಲಿ ಹಾರ್ನ್ ಹೊಡೆಯಬೇಕು. ಅದೂ ಮಂಜೂರಾಯಿತು. ಈಗ ಬಸ್ಸು ಉದ್ದಕ್ಕೆ ಕೂಗುತ್ತ ಬರುತ್ತದೆ, ಜನ ಕೀಲಿ ಹಾಕಿ ಹೊರಡುತ್ತಾರೆ. ನಿನ್ನೆ ಹಸನಸಾಬ ನಮ್ಮ ಕಟ್ಟೆಗೆ ಬಂದು ಕುಳಿತ.

“ಮಾಸ್ತರ, ಆ ಹಾರ್ನ್ ಕೇಳಿದ್ ಕೂಡ್ಲೆ ನಾ ಎದ್ದು ಆಕಿ ಚಪ್ಪಲಿ ಹುಡಕತೇನ್ರಿ. ಚಪ್ಪಲಿ ಕೈಯಾಗ ಹಿಡದ ಮ್ಯಾಲ ನೆಪ್ಪಾಗತೈತಿ. ಅದನ್ನ ಬಂದ್ ಮಾಡಸಾಕ ಒಂದ್ ಅರ್ಜಿ ಬರದ್ ಕೊಡ್ರಿ.”

ಊರಿಗೆ ಹಾರ್ನ್ ಬೇಕೆಂಬುದು ನನಗೆ ಗೊತ್ತು. ಆದರೂ ಕಾಗದ ಮುಂದಿಟ್ಟುಕೊಂಡು ಕುಳಿತಿದ್ದೇನೆ. ಹೊಸದಾಗಿ ಯೋಚಿಸುವ ಕಷ್ಟವೇನೂ ಇಲ್ಲ. ಸದ್ದಿಲ್ಲದ ಬಸ್ಸು ಬೇಕೆಂದು ಬರೆದ ಮೊದಲ ಅರ್ಜಿಯ ನಕಲು ನನ್ನ ಬಳಿ ಇದೆ. ಅದನ್ನೇ ದುಂಡಗೆ ಇನ್ನೊಮ್ಮೆ ಬರೆದರಾಯಿತು.