ಗ್ಯಾಲಕ್ಸಿಯ ಹೊಟ್ಟೆ ಮತ್ತು ಹುಲಿಕುಂಟೆಯ ಬೀಗರೂಟ

ಹೊಟ್ಟೆ ಬಂದವನು ನಿರಪರಾಧಿಯೂ ಆಗಿರಬಹುದು ಎಂದರೆ ಈ ಲೋಕದಲ್ಲಿ ಯಾರೂ ನಂಬುವುದಿಲ್ಲ. ಕಟ್ಟಿಕೊಂಡ ಹೆಂಡತಿಯಂತೂ ಮೊದಲೇ ನಂಬುವುದಿಲ್ಲ. ನಾನು ಮಧುಗಿರಿಯಲ್ಲಿ ವಿಜ್ಞಾನದ ಮೇಷ್ಟ್ರು. ಮೊನ್ನೆ ಊಟಕ್ಕೆ ಕೂತಾಗ ನನ್ನ ಪ್ಯಾಂಟಿನ ಗುಂಡಿ ಸಿಡಿದು ಸಾರಿನ ಪಾತ್ರೆಗೆ ಬಿತ್ತು. ಹೆಂಡತಿ ಜಯಮ್ಮ ಅಲ್ಲೇ ತೀರ್ಪು ಕೊಟ್ಟುಬಿಟ್ಟಳು: "ಕಂಡೋರ ಮನೇಲಿ ಉಂಡೂ ಉಂಡೂ ಇಂಗಾಗೈತೆ. ಭಾನುವಾರ ಹುಲಿಕುಂಟೆ ಬೀಗರೂಟಕ್ಕೆ ನೀವು ಬರಂಗಿಲ್ಲ ಕಣ್ರೀ."

ಅದು ಭಾಮೈದನ ಮಗಳ ಮದುವೆಯ ಬೀಗರೂಟ. ಬಿಸಿ ಮುದ್ದೆ, ಮಟನ್ ಸಾರು, ಪಕ್ಕದಲ್ಲಿ ನಿಂತು "ಇನ್ನೊಂದು ನುಂಗಿ ಮೇಷ್ಟ್ರೇ" ಎನ್ನುವ ಬೀಗರು! ನಮ್ಮ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಅಗಿದವನಿಗೆ ಹೆಣ್ಣು ಕೊಡುವ ಮುಂಚೆ ಎರಡು ಸಲ ಯೋಚಿಸುತ್ತಾರೆ.

ಬೇರೆ ದಾರಿ ಕಾಣದೆ ಖಗೋಳಶಾಸ್ತ್ರದ ಮೊರೆ ಹೋದೆ. ಗ್ಯಾಲಕ್ಸಿಗಳಿಗೂ ನಡುವೆ ಹೊಟ್ಟೆಯಿರುತ್ತದೆ ಎಂದು ಜಯಮ್ಮನನ್ನು ಕೂರಿಸಿಕೊಂಡು ವಿವರಿಸಿದೆ. ಕೆಲವು ಗ್ಯಾಲಕ್ಸಿಗಳು ಅಕ್ಕಪಕ್ಕದ ಸಣ್ಣವನ್ನು ನಾವು ಮುದ್ದೆ ನುಂಗಿದ ಹಾಗೆ ನುಂಗಿ ಹೊಟ್ಟೆ ಬೆಳೆಸಿವೆ. ನಮ್ಮ ಕ್ಷೀರಪಥ ಮಾತ್ರ ಸಂಭಾವಿತ. ಅದರ ಹೊಟ್ಟೆಯಲ್ಲಿರುವುದು ಬಹುಪಾಲು ಮನೆಯದೇ ಸರಕು. ನಡುವೆ ನಕ್ಷತ್ರಗಳ ಉದ್ದನೆಯ ಪಟ್ಟಿಯೊಂದು ತಿರುಗುತ್ತಾ ತಿರುಗುತ್ತಾ ಸುತ್ತಲಿನ ಅನಿಲವನ್ನು ಒಳಕ್ಕೆ ಜಾರಿಸಿಕೊಂಡಿತು, ಆಮೇಲೆ ತಾನೇ ಉಬ್ಬಿಕೊಂಡಿತು. ಪಕ್ಕದಿಂದ ನೋಡಿದರೆ ಥೇಟ್ ಪಾವಗಡದ ಕಡಲೆಕಾಯಿ. ಇಷ್ಟು ಚೆನ್ನಾಗಿ ನಾನು ತರಗತಿಯಲ್ಲೂ ಪಾಠ ಮಾಡಿದವನಲ್ಲ.

"ನಂದೂ ಅದೇ ಜಾತಿ ಕಣೇ. ಹೊರಗಡೆ ಊಟದ ತಪ್ಪೇನೂ ಇಲ್ಲ," ಎಂದು ಮುಗಿಸಿದೆ.

ಜಯಮ್ಮ ಪಾಠವನ್ನು ಪೂರ್ತಿ ಕೇಳಿದಳು. ಅದೇ ಎಡವಟ್ಟಾಯಿತು. "ಅಂಗಾದ್ರೆ ಈ ಹೊಟ್ಟೆ ಮನೆ ಊಟದಲ್ಲೇ ಬೆಳ್ದೈತೆ ಅಂತ ನೀವೇ ಒಪ್ಕೊಂಡಂಗಾಯ್ತು. ಇವತ್ತಿಂದ ರಾತ್ರಿ ಮುದ್ದೆ ಇಲ್ಲ. ಕಡ್ಲೆಕಾಯಂತೂ ಮುಟ್ಟಂಗೇ ಇಲ್ಲ."

"ಮತ್ತೆ ಬೀಗರೂಟ?"

"ಅದು ಆಗ್ಲೇ ಬ್ಯಾಡ ಅಂದ್ಬುಟ್ಟಿದ್ದೀನಲ್ಲ!"

ಭಾನುವಾರ ಮನೆಮಂದಿಯೆಲ್ಲ ಹುಲಿಕುಂಟೆಗೆಂದು ಸಿರಾ ಬಸ್ಸು ಹತ್ತಿದರು. ನಾನು ಸೌತೆಕಾಯಿಯ ಮುಂದೆ ಕೂತೆ. ಅನಿಲ ಬರುವುದು ನಿಂತರೆ ಗ್ಯಾಲಕ್ಸಿಯ ನಡುವೆ ಹೊಸ ನಕ್ಷತ್ರ ಹುಟ್ಟುವುದಿಲ್ಲ ಎಂದು ತರಗತಿಯಲ್ಲಿ ಮಕ್ಕಳಿಗೆ ಎಷ್ಟು ನಿರಾಳವಾಗಿ ಹೇಳಿದ್ದೆ! ಆ ಗ್ಯಾಲಕ್ಸಿಯ ಸಂಕಟ ಈಗ ಅರ್ಥವಾಯಿತು. ಹಳೆಯ ನಕ್ಷತ್ರಗಳು ಮಾತ್ರ ಎಲ್ಲಿಗೂ ಹೋಗುವುದಿಲ್ಲ ಎಂದೂ ಹೇಳಿದ್ದೆ. ಅದೂ ನಿಜವೇ. ಸೌತೆಕಾಯಿ ಮುಗಿಸಿ ಬಗ್ಗಿ ನೋಡಿಕೊಂಡೆ, ಹೊಟ್ಟೆ ಇದ್ದ ಹಾಗೇ ಇತ್ತು.