ಮೋಡದ ಮೇಲೆ ಒರೆಸುವ ಅರಿವೆ

ಬೆಳಗಾವಿಯಿಂದ ಎಷ್ಟೋ ಮಂದಿ ವಿಮಾನ ಹತ್ತುತ್ತಾರೆ. ಕೆಲವರು ನಿದ್ದೆ ಮಾಡುತ್ತಾರೆ, ಕೆಲವರು ಫೋಟೋ ತೆಗೆಯುತ್ತಾರೆ. ಆದರೆ ಮೋಡದ ಮೇಲೆ ಕೂತು ಒರೆಸುವ ಅರಿವೆ ಕೈಗೆತ್ತಿಕೊಂಡ ಮಹಾನುಭಾವರು ನಮ್ಮ ಮಾಮಾ ಒಬ್ಬರೇ! ಇನ್ನೊಬ್ಬರು ಇದ್ದರೆ ತಿಳಿಸಿ, ಇಬ್ಬರಿಗೂ ಪರಿಚಯ ಮಾಡಿಸೋಣ. ಕೈ ಮಾತ್ರ ಕುಲುಕಲಿಕ್ಕಿಲ್ಲ.

ಮಾಮಾ ಅಂದರೆ ನಮ್ಮವ್ವನ ತಮ್ಮ. ಹುಟ್ಟಿದ್ದು ಖಾನಾಪುರದಲ್ಲಿ, ಮನೆ ಬೆಳಗಾವಿಯ ಸದಾಶಿವನಗರದಲ್ಲಿ, ಮನಸ್ಸು ಮಾತ್ರ ನೆಹರು ನಗರದ ಒಂದು ಲ್ಯಾಬಿನ ಮೈಕ್ರೋಸ್ಕೋಪಿನ ಒಳಗೆ. ಮೂವತ್ತು ವರ್ಷ ಮಂದಿಯ ಕಫ, ರಕ್ತ ನೋಡಿ ನೋಡಿ ರಿಟೈರ್ ಆದರು. ಈಗಲೂ ಸಂಜೆ ಚಹಾ ಆರುವವರೆಗೆ ಕಣ್ಣು ಅರ್ಧ ಮುಚ್ಚಿಕೊಂಡು ಕೂಡುತ್ತಾರೆ.

"ಏನ ಚಂದ ಇರ್ತಾವ ಅಂತಿ! ನೇರಳೆ ಬಣ್ಣ ಹಾಕಿ ನೋಡಿದ್ರ, ಯಾರೋ ಮುಂಜಾನೆ ಅಂಗಳದಾಗ ಹೂವು ಚೆಲ್ಯಾರೇನೋ ಅನ್ನಸ್ತೈತಿ. ಕೆಲವು ಮುತ್ತಿನ ಸರದಂಗ ಸಾಲಾಗಿ ನಿಂತಿರ್ತಾವು. ಕೆಲವು ಥೇಟ್ ದ್ರಾಕ್ಷಿ ಗೊಂಚಲ!"

ಯಾರನ್ನು ಕುರಿತು ಈ ಕವಿತ್ವ ಅಂದುಕೊಂಡಿರಿ? ಗಂಟಲು ಬೇನೆ ತರುವ, ಬರಿಗಣ್ಣಿಗೆ ಕಾಣದ ಜಂತುಗಳನ್ನು ಕುರಿತು!

ಅದರ ಮೇಲೆ ನಾವು ಜೈನರು. ಇರುವೆ ಕಂಡರೆ ದಾಟಿಕೊಂಡು ಹೋಗುವ ಮನೆತನ. ಮಾಮಾನ ಸಂಕಟ ನೋಡಿ: ಜಂತು ಇದ್ದರೆ ಅಂಜಿಕೆ, ಕೊಂದರೆ ಪಾಪ! ಅದಕ್ಕೇ ಏನನ್ನೇ ಒರೆಸುವ ಮೊದಲು ಕೈ ಮುಗಿದು, "ಕ್ಷಮಾ ಮಾಡ್ರೆಪಾ, ನಿಮಗೂ ಸಂಸಾರ ಐತಿ" ಅಂತ ಗುನುಗಿ, ಆಮೇಲೆ ಸ್ಪಿರಿಟ್ ಹಚ್ಚುತ್ತಾರೆ. ಅವು ಕ್ಷಮಿಸಿದವೋ ಇಲ್ಲವೋ, ಹೇಳಲಿಕ್ಕೆ ಒಂದಾದರೂ ಉಳಿಯಬೇಕಲ್ಲ!

ಒಮ್ಮೆ ಖಾನಾಪುರದ ಬಸ್ಸಿನಲ್ಲಿ ಕಂಬಿ ಮುಟ್ಟುವುದಿಲ್ಲ ಅಂತ ಹಟ ಹಿಡಿದು, ಕೈಕಟ್ಟಿ, ಸರ್ಕಸ್ಸಿನವರ ಹಾಗೆ ನಿಂತಿದ್ದರು. ದೇಸೂರಿನ ಹತ್ತಿರ ಡ್ರೈವರ್ ಬ್ರೇಕ್ ಹಾಕಿದ. ಮಾಮಾ ನೇರವಾಗಿ ಒಬ್ಬ ಮರಾಠಿ ಅಜ್ಜಿಯ ಬುಟ್ಟಿಯಲ್ಲಿ ಕೂತರು. ಬುಟ್ಟಿಯ ತುಂಬ ತತ್ತಿ! "ಅರೇ ದೇವಾ!" ಅಂತ ಅಜ್ಜಿ ಕೂಗಿದಳು. ಮಾಮಾ ಕೂಗಲಿಲ್ಲ. ಅಷ್ಟು ಜೀವಗಳ ಪಾಪ ಒಂದೇ ಏಟಿಗೆ ಬಂದು ಮೆತ್ತಿಕೊಂಡಾಗ ಮನುಷ್ಯನಿಗೆ ಮಾತು ಹೊರಡುತ್ತದೆಯೇ?

ಇಂಥವರು ವಿಮಾನ ಹತ್ತಿದ್ದು ಯಾಕೆ? ಹೈದರಾಬಾದಿನಲ್ಲಿ ಮಗಳ ಮನೆಯಲ್ಲಿದ್ದ ದೊಡ್ಡವ್ವನಿಗೆ, ಅಂದರೆ ಮಾಮಾನ ಅಕ್ಕನಿಗೆ, ಹುಷಾರು ತಪ್ಪಿತ್ತು. "ತಮ್ಮನ್ನ ಒಮ್ಮೆ ನೋಡಬೇಕು" ಅಂದಳಂತೆ. ರೈಲೆಂದರೆ ತಾಸುಗಟ್ಟಲೆ ನೂರಾರು ಮಂದಿಯ ಕೆಮ್ಮು. ವಿಮಾನವೆಂದರೆ ಒಂದೂಕಾಲು ತಾಸು. ಮಾಮಾ ಒಂದು ದಿನವೆಲ್ಲ ಯೋಚಿಸಿ ನನಗೆ ಫೋನ್ ಮಾಡಿದರು.

"ನೀನೂ ಬಾ. ಲಿಫ್ಟಿನ ಗುಂಡಿ ಒತ್ತಾಕ, ಬಾಗಿಲಾ ತಗ್ಯಾಕ ಒಬ್ರು ಬೇಕು."

"ಮತ್ತ ನನ್ನ ಕೈಗೆ ಜಂತು ಹತ್ತಂಗಿಲ್ಲೇನ್ರಿ ಮಾಮಾ?"

"ನೀ ಸಣ್ಣಾಕಿ, ತಡಕೋತಿ."

ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಟ್ರೇ ನೋಡಿ ಮಾಮಾ ಹೆಜ್ಜೆ ಹಿಂದಿಟ್ಟರು. ಮುಂದಿನವರ ಬೂಟು ಈಗಷ್ಟೇ ಆ ಟ್ರೇಯಲ್ಲಿ ಹೋಗಿ ಬಂದಿತ್ತು. ತಮ್ಮ ಚೀಲವನ್ನು ಮೊದಲು ಒಂದು ಪ್ಲಾಸ್ಟಿಕ್ಕಿನಲ್ಲಿ, ಆ ಪ್ಲಾಸ್ಟಿಕ್ಕನ್ನು ಇನ್ನೊಂದು ಪ್ಲಾಸ್ಟಿಕ್ಕಿನಲ್ಲಿ ಇಟ್ಟು, ಹಸುಗೂಸನ್ನು ತೊಟ್ಟಿಲಿಗೆ ಹಾಕುವಂತೆ ಟ್ರೇಗೆ ಇಳಿಸಿದರು. ಒಳಗೆ ಅರ್ಧ ಲೀಟರ್ ಸ್ಪಿರಿಟ್! ತಪಾಸಣೆಯವನು ಬಾಟಲಿ ಎತ್ತಿ ಹಿಡಿದು, "ಇದೇನ್ರಿ ಕಾಕಾ?" ಅಂದ.

"ಒರಸೂದಕ್ಕರಿ."

"ಇಡೀ ವಿಮಾನಾನ ಒರಸಾವ್ರೇನು?"

"ಟೈಮ್ ಸಿಕ್ರ," ಅಂದರು ಮಾಮಾ, ಬಹಳ ಗಂಭೀರವಾಗಿ.

ಬಾಟಲಿ ಅಲ್ಲೇ ಉಳಿಯಿತು. ಅಂಗೈಯಗಲದ ಸಣ್ಣ ಶೀಶೆಯೊಂದು ಮಾತ್ರ ಪಾರಾಯಿತು. ಅದರ ಜೊತೆ ಬಿಸಿನೀರಲ್ಲಿ ಕುದಿಸಿ ಒಣಗಿಸಿದ ಏಳೆಂಟು ಬಿಳಿ ಅರಿವೆಗಳು.

ವಿಮಾನದೊಳಗೆ ಕೆಲಸ ಶುರುವಾಯಿತು. ಬೆಲ್ಟಿನ ಬಕ್ಕಲ್, ಕೈ ಇಡುವ ಪಟ್ಟಿ, ಕಿಟಕಿಯ ಪರದೆ, ತಲೆ ಮೇಲಿನ ಗಾಳಿಯ ತಿರುಗಣಿ, ಕಡೆಗೆ ಮುಂದಿನ ಸೀಟಿನ ಬೆನ್ನಿಗಿದ್ದ ಮಡಚುವ ಮೇಜು. ಅದನ್ನು ಬಿಚ್ಚಿದ ಮಾಮಾ ಪುರಾತನ ಶಾಸನ ಓದುವವರ ಹಾಗೆ ಬಗ್ಗಿದರು.

"ಇದರ ಮ್ಯಾಲ ಉಣ್ತಾರು, ತಲಿ ಇಟ್ಟು ಮಲಗ್ತಾರು, ಕೂಸಿನ ಅರಿವೀನೂ ಬದಲ ಮಾಡ್ತಾರು. ನೋಡ, ಇದೊಂದು ದೊಡ್ಡ ಊರು!"

ನನ್ನ ಬಾಜು ಕೂತಿದ್ದವರು ನಂದಗಡದ ವ್ಯಾಪಾರಸ್ಥರು, ದೊಡ್ಡ ಮೀಸೆಯವರು. ಅಷ್ಟೊತ್ತು ಸುಮ್ಮನೆ ನೋಡುತ್ತಿದ್ದವರು, "ಸಾಹೇಬ್ರ, ನಂದೂ ಜರಾ ಒರಸಿಬಿಡ್ರಲಾ" ಅಂದರು. ಮಾಮಾ ಒರೆಸಿದರು. ಮುಂದಿನ ಸಾಲಿನವರು ತಿರುಗಿ ನೋಡಿ, "ನಮ್ಮದೂ" ಅಂದರು. ಹಿಂದಿನಿಂದ ಒಬ್ಬ ಅಜ್ಜಿ ತನ್ನ ಚಸ್ಮಾನೇ ಕೊಟ್ಟಳು! ಗಗನಸಖಿ ಓಡಿ ಬಂದು, ಬೆಲ್ಟ್ ಹಾಕಿಕೊಳ್ಳಿ ಅಂತ ಕೈಮುಗಿದು ಬೇಡಿಕೊಂಡ ಮೇಲೇ ಸೇವೆ ನಿಂತದ್ದು.

ಮೀಸೆಯವರು ಉಪಕಾರ ಮರೆಯುವವರಲ್ಲ. ವಿಮಾನ ಮೇಲೇರಿದ ಮೇಲೆ ಕುಂದಾದ ಡಬ್ಬಿ ಬಿಚ್ಚಿ, ಎರಡು ಬೆರಳಲ್ಲಿ ಒಂದು ತುಣುಕು ಎತ್ತಿ ಮಾಮಾನ ಮುಂದೆ ಹಿಡಿದರು. ಮಾಮಾ ಆ ಬೆರಳು ನೋಡಿದರು, ಕುಂದಾ ನೋಡಿದರು, ಮತ್ತೆ ಬೆರಳು ನೋಡಿದರು.

"ತಗೋರ್ರೀ. ಕುಂದಾದಾಗ ಜಂತು ಇರೂದಿಲ್ಲ. ಇದ್ರೂ ಅವು ಸಿಹಿ ಆಗಿರ್ತಾವು!"

ಮೂವತ್ತು ವರ್ಷದ ವಿಜ್ಞಾನ ಸೋತಿತು. ಮಾಮಾ ಕಣ್ಣು ಮುಚ್ಚಿ ತಿಂದರು.

ಆಮೇಲೆ ಕಿಟಕಿಗೆ ಮುಖ ಮಾಡಿ ಕೂತರು, ಗಾಜಿಗೆ ಹಣೆ ತಾಗದಷ್ಟು ದೂರದಲ್ಲಿ. ಕೆಳಗೆ ಮೋಡಗಳು ಹಿಂಜಿದ ಅರಳೆಯಂತೆ ತೇಲುತ್ತಿದ್ದವು. ಅವುಗಳ ಸಂದಿನಲ್ಲಿ ಹೊಲಗಳು, ಒಂದು ಬೆಳ್ಳಿಯ ಎಳೆಯಂಥ ಹಳ್ಳ, ಚುಕ್ಕಿ ಚುಕ್ಕಿ ಮನೆಗಳು.

"ನಾವೂ ಹಿಂಗಽ ಕಾಣ್ತೀವಿ ನೋಡ," ಅಂದರು ಮೆಲ್ಲಗೆ. "ಅಲ್ಲೊಂದು ಗೊಂಚಲ, ಇಲ್ಲೊಂದು ಸರ. ಮ್ಯಾಲ ಕುಂತು ನೋಡಾವಗ ನಮ್ಮ ಸಂಸಾರ ಎಲ್ಲಿ ಕಾಣಬೇಕು?"

ಆ ಮಾತು ಕೇಳುತ್ತ ನನಗೆ ಮಂಪರು ಹತ್ತಿತು. ಎಂಜಿನ್ನಿನ ಸದ್ದು ದೂರದ ಗಿರಣಿಯಂತೆ ಕೇಳುತ್ತಿತ್ತು. ಎಚ್ಚರಾದಾಗ ಮಾಮಾ ಮತ್ತೆ ಮೇಜು ಒರೆಸುತ್ತಿದ್ದರು! ನನಗೆ ರೇಗಿತು.

"ಸಾಕ್ರಿ ಮಾಮಾ! ನಾಲ್ಕನೇ ಸಲ!"

ಅವರು ತಲೆ ಎತ್ತಲಿಲ್ಲ. "ಅಕ್ಕನ ಕಡೆ ಹೊಂಟೀನವಾ" ಅಂದರು.

ಅದರ ಅರ್ಥ ನನಗೆ ಆಗಿದ್ದು ಹೈದರಾಬಾದಿನಲ್ಲಿ. ದೊಡ್ಡವ್ವನಿಗೆ ನಡೆದಿದ್ದ ಔಷಧೋಪಚಾರದಿಂದ ಮೈಯಲ್ಲಿ ರೋಗ ತಡೆಯುವ ಶಕ್ತಿ ತೀರ ಇಳಿದಿತ್ತು. ನೆಗಡಿ, ಕೆಮ್ಮು ಇಲ್ಲದವರು ಕೈ ತೊಳೆದು, ಮಾಸ್ಕ್ ಹಾಕಿಕೊಂಡು ಸ್ವಲ್ಪ ಹೊತ್ತು ನೋಡಬಹುದು ಅಂತ ಡಾಕ್ಟರ್ ಹೇಳಿದ್ದರು. ಮಾಮಾನಿಗೆ ಇದೆಲ್ಲ ಮೊದಲೇ ಗೊತ್ತಿತ್ತು.

ಹೋದೊಡನೆ ಸ್ನಾನ ಮಾಡಿದರು. ಕಟ್ಟಿ ತಂದಿದ್ದ ಬೇರೆ ಬಟ್ಟೆ ಹಾಕಿಕೊಂಡರು. ಮಾಸ್ಕ್ ಹಾಕಿ, ಮೊಣಕೈವರೆಗೆ ಕೈ ತೊಳೆದರು. ನನ್ನಿಂದಲೂ ಅದೆಲ್ಲ ಮಾಡಿಸಿದರು. ದೊಡ್ಡವ್ವನ ಕೋಣೆಯ ಹೊಸ್ತಿಲಿಗೆ ಬಂದು ನಿಂತೇಬಿಟ್ಟರು. ತಮ್ಮ ಎರಡೂ ಅಂಗೈ ನೋಡಿಕೊಂಡು, "ನೀ ಹೋಗು. ನಾ ಇಲ್ಲಿಂದಽ ಮಾತಾಡ್ತೀನಿ" ಅಂದರು ನನಗೆ.

ಒಳಗೆ ಮಂಚದ ಮೇಲೆ, ತಲೆಗೆ ವಸ್ತ್ರ ಕಟ್ಟಿಕೊಂಡು, ಅರ್ಧ ಕರಗಿದ ದೊಡ್ಡವ್ವ.

"ತಮ್ಮಾ, ಅಲ್ಲ್ಯಾಕ ನಿಂತಿ?"

"ವಿಮಾನದಾಗ ಬಂದೀನಕ್ಕಾ. ಎಷ್ಟ ತೊಳದ್ರೂ ಪೂರಾ ಹೋಗೂದಿಲ್ಲ. ನನ್ನಿಂದ ನಿನಗೇನರ ಆದ್ರ..."

ದೊಡ್ಡವ್ವ ನಕ್ಕಳು. ನಗಲಿಕ್ಕೂ ಆಕೆ ತ್ರಾಣ ಕೂಡಿಸಿಕೊಳ್ಳಬೇಕಾಗಿತ್ತು.

"ಖಾನಾಪುರದಾಗ ನಿನಗ ಮೈತುಂಬ ಗೋವರದ ಗುಳ್ಳಿ ಎದ್ದಾಗ ಮಗ್ಗಲದಾಗ ಹಾಕ್ಕೊಂಡು ಮಲಗಿದಾಕಿ ನಾನು. ನನ್ನ ಪರಕರದ ಚುಂಗಿಲೇ ನಿನ್ನ ಮೂಗ ಒರಸೀನಿ. ನಿನ್ನ ಯಾವ ಜಂತು ನನಗ ಗುರ್ತ ಇಲ್ಲಲೇ? ಬಾ ಇಲ್ಲೆ, ಕುಂದರ."

ಮಾಮಾ ಹಿಂದಿರುಗಿ ಹೋಗಿ ಇನ್ನೊಮ್ಮೆ ಕೈ ತೊಳೆದು ಬಂದರು. ಮಂಚದ ಪಕ್ಕದ ಕುರ್ಚಿಯಲ್ಲಿ ಕೂತರು. ದೊಡ್ಡವ್ವ ಅವರ ಕೈ ಎಳೆದುಕೊಂಡು ಎದೆಯ ಮೇಲಿಟ್ಟುಕೊಂಡಳು, ಹಾಗೇ ನಿದ್ದೆ ಹೋದಳು.

ಮಧ್ಯಾಹ್ನದ ಬಿಸಿಲು ಪರದೆಯ ಮೇಲೆ ಅಲುಗದೆ ನಿಂತಿತ್ತು. ಮಾಮಾನ ಕಣ್ಣಿಂದ ನೀರಿಳಿದು ಮಾಸ್ಕ್ ತೊಯ್ಯುತ್ತಿತ್ತು. ಒರೆಸಿಕೊಳ್ಳಲಿಲ್ಲ. ಒಂದು ಕೈ ಅಕ್ಕನ ಹತ್ತಿರವಿತ್ತು. ಇನ್ನೊಂದನ್ನು ಮುಖಕ್ಕೆ ಮುಟ್ಟಿಸಿದರೆ, ಮತ್ತೆ ತೊಳೆಯಲಿಕ್ಕೆ ಏಳಬೇಕಾಗುತ್ತಿತ್ತು.