ಹೊಸ್ತಿಲಾಚೆ ನಿಂತ ಹೊಸ ಸೊಸೆ

ವಯಸ್ಸಾದಂತೆ ನಾಚಿಕೆ ಕಡಿಮೆಯಾಗುತ್ತದೆ ಎಂದು ಹೇಳಿದವರು ಯಾರೋ ಗಂಡಸರೇ ಇರಬೇಕು. ಮೊಮ್ಮಕ್ಕಳೇ, ನನ್ನ ಹಲ್ಲುಗಳು ಹೋದವು, ನಾಚಿಕೆ ಹೋಗಲಿಲ್ಲ. ಕಲ್ಲೂರಿನ ಶಾಲೆಯಲ್ಲಿ ಮೇಷ್ಟ್ರು ಹೆಸರು ಕೂಗಿದರೆ ಓಗೊಡಲು ನಾಚಿ, ಎದುರಿಗೇ ಕೂತು ಗೈರುಹಾಜರಿ ಹಾಕಿಸಿಕೊಂಡವಳು ನಾನು. ಗಂಡನ ಹೆಸರನ್ನಂತೂ ಒಮ್ಮೆಯೂ ಬಾಯಿಬಿಟ್ಟು ಹೇಳಿದವಳಲ್ಲ. ನಮ್ಮ ಕಡೆ ಹೊಸ ಸೊಸೆಯನ್ನು ಬಾಗಿಲಲ್ಲೇ ತಡೆಯುತ್ತಾರೆ. ಗಂಡನ ಹೆಸರು ಸೇರಿಸಿ, ಪ್ರಾಸದ ಎರಡು ಸಾಲಿನ ಒಂದು ಒಡಪು ಹೇಳಿದರೇ ಒಳಗೆ ಬಿಡುವುದು. ದೇವದುರ್ಗದ ಕಡೆಯ ಗಂಡನ ಮನೆಯಲ್ಲಿ ನನ್ನ ಸರದಿ ಬಂದಾಗ ಸೋದರತ್ತೆ ಬೆನ್ನ ಹಿಂದೆ ನಿಂತು ಹೇಳಿಬಿಟ್ಟಳು. ನಾನು ತುಟಿ ಅಲ್ಲಾಡಿಸಿದೆ, ಅಷ್ಟೆ. ಯಜಮಾನರು ತೀರಿಕೊಂಡ ಮೇಲೆ ಹೇಳುವ ಪ್ರಸಂಗವೇ ಉಳಿಯಲಿಲ್ಲ.

ಮೊನ್ನೆ ರಾಯಚೂರಿನ ಮನೆಯಲ್ಲಿ ನಿಮ್ಮ ಪೂರ್ಣಿಮಕ್ಕ ತಾನೇ ಕಟ್ಟಿದ ಆಟವೊಂದನ್ನು ಆಡಿಸಿದಳು. ಅದು ನಾಟಕವಲ್ಲವಂತೆ. ಬರೆದಿಟ್ಟ ಮಾತಿಲ್ಲ, ಕೂತು ನೋಡುವ ಜನರಿಲ್ಲ. ಪ್ರತಿಯೊಬ್ಬರಿಗೂ ಒಂದು ಚೀಟಿ. ನೀನು ಯಾರು, ನಿನಗೇನು ಬೇಕು, ಯಾವುದಕ್ಕೆ ಹೆದರುತ್ತೀ ಎಂದು ಅದರಲ್ಲಿರುತ್ತದೆ. ಮುಂದಿನದನ್ನು ನಾವೇ ಬದುಕಬೇಕು. ಮನಸ್ಸು ತಡೆಯದಾದರೆ ಎದೆಯ ಮೇಲೆ ಎರಡೂ ಕೈ ಕಟ್ಟಿದರಾಯಿತು, ಆಟ ಅಲ್ಲೇ ನಿಲ್ಲುತ್ತದೆ. ನಮ್ಮ ಕಾಲದ ಮದುವೆಗಳಲ್ಲಿ ಇಂಥ ಅನುಕೂಲವಿರಲಿಲ್ಲ.

ಅವಳು ಅತ್ತೆ ಸೊಸೆಯರನ್ನು ಅದಲುಬದಲು ಮಾಡಿದ್ದಳು. ಅವಳ ತಾಯಿ, ಅಂದರೆ ನನ್ನ ಸೊಸೆ ಶಾಂತಾ, ಅತ್ತೆ. ನಾನು ಮನೆ ತುಂಬಲು ಬಂದ ಹೊಸ ಸೊಸೆ. ಚೀಟಿಯಲ್ಲಿ ನನ್ನ ಗಂಡನ ಹೆಸರು ಶಿವಪ್ಪ ಎಂದಿತ್ತು. ಯಾರೋ ಕಂಡರಿಯದ ಶಿವಪ್ಪ, ಹೇಳಲು ಏನು ಕಷ್ಟ ಎಂದುಕೊಂಡು ಒಪ್ಪಿದೆ.

ಶಾಂತಾ ಬಾಗಿಲಿಗೆ ಅಡ್ಡ ಕೈ ಚಾಚಿ ನಿಂತಳು.

"ಹೆಸರು ಹೇಳವಾ. ಹೇಳದ ಒಳಗ ಕಾಲಿಡಾಂಗಿಲ್ಲ."

"ನಾಚಿಕಿ ಬರ್ತದ್ರಿ ಅತ್ತಿ."

"ಅದನ್ನ ತವರುಮನ್ಯಾಗ ಬಿಟ್ಟು ಬರಬೇಕಿತ್ತು. ಇಲ್ಲಿ ಇಡಾಕ ಜಾಗ ಇಲ್ಲ. ನಿಮ್ಮವ್ವ ಇಷ್ಟೂ ಕಲಿಸಿಲ್ಲೇನು?"

ಈ ಧಾಟಿಯನ್ನು ಎಲ್ಲೋ ಕೇಳಿದಂತಿತ್ತು. ಆಮೇಲೆ ಹೊಳೆಯಿತು, ಅದು ನನ್ನದೇ.

ನನ್ನ ಕೈಗಳು ಎದೆಯವರೆಗೂ ಬಂದವು. ಕಟ್ಟಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಬೆನ್ನ ಹಿಂದೆ ಸೋದರತ್ತೆ ಇರಲಿಲ್ಲ. ಈ ಸಲವೂ ಹೇಳದಿದ್ದರೆ ಇನ್ನು ಯಾವ ಬಾಗಿಲೂ ನನ್ನನ್ನು ಕೇಳುವುದಿಲ್ಲ ಎನಿಸಿತು. ಸೆರಗು ಸರಿಮಾಡಿಕೊಂಡು ಕೈ ಇಳಿಸಿದೆ.

"ಮಾನವಿ ಸಂತ್ಯಾಗ ತಂದಾರ ಹಸರ ಬಳಿ,
ಅಮರೇಶಪ್ಪನವರು ಉಂಡ ಮ್ಯಾಗ ಬೇಡ್ತಾರ ಅಡಕಿ ಎಲಿ."

ಪೂರ್ಣಿಮಾ ಚೀಟಿ ನೋಡಿ, "ಅಜ್ಜಿ, ನಿನ್ನ ಗಂಡ ಶಿವಪ್ಪ ಅಲ್ಲೇನು?" ಎಂದಳು.

"ಅಲ್ಲ," ಎಂದೆ.

ಶಾಂತಾ ಮುಖ ಒರೆಸಿಕೊಂಡು ದಾರಿ ಬಿಟ್ಟಳು. "ಬರ್ರಿ ಅತ್ತಿ, ಆಟ ಮುಗೀತು. ಚಹಾ ಆರಾಕತ್ತದ." ಆಟದ ನಂತರ ಎಲ್ಲರೂ ಕೂತು, ಪಾತ್ರ ಕಳಚಿಟ್ಟು, ಮನಸ್ಸಿಗೆ ಏನಾಯಿತೆಂದು ಹೇಳಿಕೊಳ್ಳುವುದು ಪದ್ಧತಿಯಂತೆ. ಉಳಿದವರೆಲ್ಲ ಚಾಪೆಯ ಮೇಲೆ ಕೂತಾಗಿತ್ತು. ನಾನು ಮಾತ್ರ ಹೊಸ್ತಿಲಾಚೆಯೇ ಇದ್ದೆ.

"ಯಾಕ್ರಿ ಅತ್ತಿ, ಕಾಲು ಹಿಡದಾವೇನು?"

"ಇಲ್ಲವಾ. ಇನ್ನೊಮ್ಮಿ ಅಡ್ಡ ನಿಂದ್ರು. ನನ್ನ ಹತ್ರ ಇನ್ನೊಂದು ಒಡಪು ಅದ."

ಶಾಂತಾ ನನ್ನ ಮುಖ ನೋಡಿದಳು. ಆಮೇಲೆ ಒಳಗಿನಿಂದ ಕುರ್ಚಿ ತಂದು, ಬಾಗಿಲಿಗೆ ಅಡ್ಡ ಹಾಕಿಕೊಂಡು ಕೂತಳು. ನನ್ನ ಒಡಪುಗಳು ನಿಂತು ಕೇಳಿ ಮುಗಿಯುವಂಥವಲ್ಲ ಎಂದು ಅವಳಿಗೆ ಗೊತ್ತಾಗಿತ್ತು.